ಬಹುಮಾನದ ಪರೀಕ್ಷೆ

"ಛತ್ರಿ ತೋರ್ಸಿದ್ರೆ ಮಾವಿನಹಣ್ಣು ಅಂತಾವಲ್ಲಮ್ಮಾ. ಇಂಥವನ್ನ ಇಟ್ಕೊಂಡು ನಿನಗೆ ಒಳ್ಳೆ ಅಂಗನವಾಡಿ ಬಹುಮಾನ ಬೇರೆ ಕೇಡು."

ಶಿಶು ಅಭಿವೃದ್ಧಿ ಕಚೇರಿಯ ನಾಗಭೂಷಣ್ ಚಿತ್ರದ ಕಾರ್ಡುಗಳನ್ನು ಸುಮಾಳ ಮಡಿಲಿಗೆ ಎಸೆದ. ತಪ್ಪು ಅವಳದೇ. ಹೆಗ್ಗನಹಳ್ಳಿಯ ಆ ಒಂದು ಕೋಣೆಯ ಅಂಗನವಾಡಿಯಲ್ಲಿ ತಿಂಗಳಿಡೀ ಕಾರ್ಡುಗಳನ್ನು ಒಂದೇ ಕ್ರಮದಲ್ಲಿ ತೋರಿಸಿ ಬಾಯಿಪಾಠ ಮಾಡಿಸಿದ್ದಳು: ಮಾವಿನಹಣ್ಣು, ಹಸು, ಛತ್ರಿ. ಈ ಮಹಾಶಯ ಅವನ್ನು ಇಸ್ಪೀಟಿನಂತೆ ಕಲಸಿಬಿಟ್ಟ. ಮಕ್ಕಳು ಮಾತ್ರ ಕಲಿತ ಸಾಲನ್ನು ಬಿಡದೆ, ಕಾರ್ಡಿನ ಕಡೆ ನೋಡದೆ, ಗಂಟಲು ಹರಿಯುವಂತೆ ಕೂಗಿದವು.

"ಸೋಮವಾರ ನಿಜವಾದ ಪರೀಕ್ಷೆ. ಚೆನ್ನಾಗಿ ಮಾಡಿದ್ರೆ ನಿನ್ನ ಗೌರವಧನ ಜಾಸ್ತಿ, ಸ್ಟೇಜ್ ಮೇಲೆ ಶಾಲು," ಎಂದವನು ನಾಲ್ಕು ತುಂಬಿದರೂ ಮಾತು ಬಾರದ ಧ್ರುವನತ್ತ ಗದ್ದ ಎತ್ತಿದ. "ಆ ಮೂಗ ಮುಂಡೇದು ಅವತ್ತು ಇಲ್ಲಿ ಕಾಣ್ಬಾರ್ದು."

ಅವನು ಅತ್ತ ಹೋದದ್ದೇ ಸಹಾಯಕಿ ರಾಮಕ್ಕ ಒಲೆಯ ಮುಂದಿನಿಂದಲೇ ಶುರುಮಾಡಿದಳು. "ಅವ್ನ ಬಾಯಿಗ್ ಮಣ್ಣು ಹಾಕ. ನೀನೇನ್ ಕಮ್ಮಿನೇನೇ? ಬಹುಮಾನ ಅಂದಾಗ್ನಿಂದ ಹಾಡಿಲ್ಲ, ಆಟ ಇಲ್ಲ. ಮಕ್ಳು ಬಾಗ್ಲಲ್ಲೇ ಅಳ್ತಾವೆ."

ಸುಮಾ ಕಿವಿಗೆ ಹಾಕಿಕೊಳ್ಳಲಿಲ್ಲ. ಗೌರವಧನ ಹೆಚ್ಚಿದರೆ ಸಂಜೆ ಕೂತು ಗಾರ್ಮೆಂಟ್ಸಿನ ಅಂಗಿಗಳಿಗೆ ಗುಂಡಿ ಹೊಲಿಯುವುದು ತಪ್ಪುತ್ತಿತ್ತು. ಮಾರನೇ ಬೆಳಿಗ್ಗೆ ಧ್ರುವನ ತಾಯಿಗೆ, ಸೋಮವಾರ ಅವನನ್ನು ಕಳಿಸಬೇಡಿ ಎಂದು ಹೇಳಿಯೇಬಿಟ್ಟಳು.

"ರಜಾ ಹಾಕಿದ್ರೆ ಫ್ಯಾಕ್ಟ್ರಿಲಿ ಉಗೀತಾರೆ ಮಿಸ್," ಎಂದಳು ಆಕೆ. "ಇವನ್ನ ಮನೆ ಒಳಗೆ ಬಿಟ್ಟು ಬೀಗ ಹಾಕ್ಕೊಂಡ್ ಹೋಗ್ತೀನಿ. ಮುಂಚೆನೂ ಹಂಗೇ ಮಾಡ್ತಿದ್ದೆ."

ಎಷ್ಟು ಸಲೀಸಾಗಿ ಹೇಳಿದಳು. ಸುಮಾಳಿಗೆ ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟು ಬಂತು.

"ಬೀಗಗೀಗ ಏನೂ ಬೇಡ. ಕರ್ಕೊಂಡ್ ಬನ್ನಿ."

ಸೋಮವಾರ ಧ್ರುವ ಎಲ್ಲರಿಗಿಂತ ಮುಂದೆ ಕೂತಿದ್ದ. ನಾಗಭೂಷಣ್ ಹಲ್ಲು ಕಚ್ಚಿಕೊಂಡೇ ಮೊದಲ ಕಾರ್ಡು ಎತ್ತಿ ಹಿಡಿದ. ಬಸ್ಸು. ಧ್ರುವ ಎದ್ದವನೇ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಎದೆಯ ಮುಂದೆ ಹಿಡಿದು, ಕೋಣೆ ಸುತ್ತ ಓಡತೊಡಗಿದ. ಮಿಕ್ಕ ಮಕ್ಕಳು ಹೆದರಿ ಸುಮಾಳ ಮುಖ ನೋಡಿದವು. ಕೂತ್ಕೊಳ್ರೋ ಎಂಬ ಗದರಿಕೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದು ಬೇರೆ.

"ಬಸ್ ಎಲ್ಲಿಗ್ರೋ?"

"ಸುಂಕದಕಟ್ಟೆಗೆ, ಮಿಸ್!" ಹಿಂದಿನಿಂದ ಒಬ್ಬಳು ಹುಡುಗಿ ಕೂಗಿದಳು.

ಇಡೀ ಕೋಣೆ ಎದ್ದಿತು. ಒಬ್ಬರ ಅಂಗಿ ಒಬ್ಬರು ಹಿಡಿದು ಧ್ರುವನ ಹಿಂದೆ ಸಾಲಾದರು. ರಾಮಕ್ಕ ಸೌಟು ಎತ್ತಿ "ರೈಟ್, ರೈಟ್" ಎಂದಳು. ತಿಂಗಳ ಮೇಲೆ ಆ ಗೋಡೆಗಳು ನಗು ಕೇಳಿದವು.

"ಏನಮ್ಮಾ ಇದು? ಬಹುಮಾನ ಕೈತಪ್ಪತ್ತೆ ನೋಡು," ಎಂದ ನಾಗಭೂಷಣ್ ಬಾಗಿಲಿಗೆ ಅಡ್ಡ ನಿಂತು.

"ತಪ್ಲಿ ಬಿಡಿ ಸಾರ್." ಸುಮಾ ಸೆರಗು ಸಿಕ್ಕಿಸಿ ಕೊನೆಯ ಹುಡುಗಿಯ ಫ್ರಾಕು ಹಿಡಿದಳು. "ಹತ್ತೋದಾದ್ರೆ ನನ್ನ ಹಿಂದೆ ಹತ್ಕೊಳಿ. ಇಲ್ಲಾಂದ್ರೆ ದಾರಿ ಬಿಡಿ."

ಅವನು ಗೋಡೆಗೆ ಒತ್ತಿಕೊಂಡು ನಿಂತ. ಬಸ್ಸು ಬೀದಿಗಿಳಿಯಿತು.