ಪುರಿಂಗ್ ಕೊಟ್ಟ ಕಷಾಯ

ಪವಿತ್ರ ವಾರದಲ್ಲಿ ಯೇಸುವಿನ ಯಾತನೆಯ ಪದ ಹಾಡಿಸುವ ಹರಕೆ ಹೊತ್ತ ಮನೆಯವರು ಬಾಗಿಲಿಗೆ ಬಂದ ಯಾರನ್ನೂ ಬೇಡ ಅನ್ನುವಂತಿಲ್ಲ. ಹಾಡಲು ಬಂದವನಿಗೆ ಜಾಗ ಕೊಡಬೇಕು, ಹೊಟ್ಟೆಗೂ ಕೊಡಬೇಕು. ಈ ಕಟ್ಟಳೆ ಇಲ್ಲದಿದ್ದರೆ ಪುರಿಂಗ್ ಆವತ್ತು ಹಾಡಲು ಬಂದ ತೆಬಾನನನ್ನು ಸೌದೆಯಲ್ಲಿ ಬಾರಿಸಿ ಮೆಟ್ಟಿಲಿಳಿಸುತ್ತಿದ್ದಳು. ಪಕ್ಕದ ಮನೆಯವಳಾದ ನಾನೇ ಸೌದೆ ತಂದುಕೊಡುತ್ತಿದ್ದೆ.

ಹಿಂದಿನ ವರ್ಷದ ಬಿರುಗಾಳಿಯಲ್ಲಿ ಈ ತೆಬಾನ್ ತನ್ನ ದೋಣಿಯನ್ನು ದಡಕ್ಕೆ ಬಿಗಿಯಲು ಪುರಿಂಗಳ ದೋಣಿಯ ಹಗ್ಗ ಕೊಯ್ದಿದ್ದ. ಅವಳ ದೋಣಿ ಬಂಡೆಗೆ ಬಡಿದು ಚೂರಾಯಿತು. ದೋಣಿ ಇಲ್ಲದೆ ಅವಳ ಗಂಡ ಅಂಬೋ ಈಗ ಮನಿಲಾದ ಯಾರದೋ ಹಡಗಿನಲ್ಲಿ ಕೂಲಿ. ಅವನು ಜೀವಸಹಿತ ಮರಳಲಿ ಎಂದೇ ಈ ಹರಕೆ. ತೆಬಾನ್ ಮಾತ್ರ ಒಂದು ದಿನವೂ ತಪ್ಪಾಯಿತು ಅಂದವನಲ್ಲ.

ಹಾಡುವವರ ಗಂಟಲಿಗೆಂದು ನಾನು ಅವಳ ಅಡುಗೆಮನೆಯಲ್ಲಿ ಶುಂಠಿ ಕಷಾಯ ಕುದಿಸುತ್ತಿದ್ದೆ. ಪುರಿಂಗ್ ಒಂದು ಲೋಟಕ್ಕೆ ಹಿಡಿ ಸೂಜಿಮೆಣಸು ಅರೆದು ಹಾಕಿದಳು.

"ಏನೇ ಇದು?"

"ಶತ್ರುವಿಗೆ ಬಾಯಾರಿದ್ರೆ ಕುಡಿಯೋಕೆ ಕೊಡಿ ಅಂತ ಪಾದ್ರಿಗಳು ಹೇಳಲ್ವಾ? ಕೊಡ್ತಿದ್ದೀನಿ. ಊರೆಲ್ಲ ಹೊಗಳೋ ಕಂಠ ಅಲ್ವಾ ಅವನ್ದು? ಊರೆದುರಿಗೇ ಕತ್ತೆ ಥರ ಅರಚಲಿ."

"ಪಾಪ ಬರುತ್ತೆ ಕಣೇ."

"ಬರ್ಲಿ. ಅದಕ್ಕೂ ಒಂದು ಲೋಟ ಕೊಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ.

ಜೊತೆಗಾರರು ಊಟಕ್ಕೆ ಎದ್ದು ಹೋಗಿದ್ದರು. ತೆಬಾನ್ ಒಬ್ಬನೇ ಯೇಸುವನ್ನು ಶಿಲುಬೆಗೆ ಜಡಿಯುವ ಭಾಗ ಹಾಡುತ್ತಿದ್ದ. ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ, ಪುರಿಂಗ್ ತಂದಿಟ್ಟ ಲೋಟದಿಂದ ಒಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಚಿಮ್ಮಿತು, ಗಂಟಲು ಕಟ್ಟಿತು. ಅಂಗಳದಲ್ಲಿದ್ದ ಜನ ತಿರುಗಿ ನೋಡಿದರು.

ಆಗ ಪುರಿಂಗಳ ಮುಖ ಬಿಳಿಚಿಕೊಂಡಿತು. ಒಮ್ಮೆ ಶುರುವಾದ ಪದ ಮುಗಿಯುವ ತನಕ ನಿಲ್ಲಬಾರದು. ನಿಂತರೆ ಹರಕೆ ಮುರಿದಂತೆ, ಅಂಬೋನ ಕಾವಲು ಹೋದಂತೆ. ಸೇಡಿನ ಸಡಗರದಲ್ಲಿ ನಮಗಿಬ್ಬರಿಗೂ ಅದೇ ಮರೆತುಹೋಗಿತ್ತು!

ಅವಳು ಓಡಿಹೋಗಿ ಅವನ ಪಕ್ಕದಲ್ಲೇ ಕೂತು, ಅವನು ಬಿಟ್ಟ ಸಾಲನ್ನು ಎತ್ತಿಕೊಂಡಳು. ತನ್ನನ್ನು ಜಡಿದವರಿಗಾಗಿ ಯೇಸು ಕ್ಷಮೆ ಬೇಡುವ ಸಾಲೇ ಆಗಬೇಕೆ ಅದು? ಹಲ್ಲು ಕಚ್ಚಿಕೊಂಡೇ ಹಾಡಿದಳು.

ಉಂಡವರು ಬಾಯಿ ಒರೆಸಿಕೊಳ್ಳುತ್ತ ಬಂದು ಪದ ಮುಂದುವರಿಸಿದರು. "ಏನಾಯ್ತೋ ತೆಬಾನ್?" ಎಂದ ಒಬ್ಬ ಮುದುಕ.

ಲೋಟದಲ್ಲಿ ಮೆಣಸಿನ ಬೀಜ ತೇಲುತ್ತಿತ್ತು. ತೆಬಾನ್ ಅದನ್ನು ನೋಡಿದ, ಪುರಿಂಗಳನ್ನು ನೋಡಿದ. ಆಮೇಲೆ ಬೀಜದ ಸಮೇತ ಅಷ್ಟನ್ನೂ ಕುಡಿದುಬಿಟ್ಟ.

"ಶುಂಠಿ ಸ್ವಲ್ಪ ಜಾಸ್ತಿ ಆಗಿತ್ತು, ಅಷ್ಟೇ ತಾತ," ಅಂದ.

ಪುರಿಂಗ್ ಎದ್ದು ಒಳಗೆ ಬಂದಳು. ಅವನು ಖಾಲಿ ಲೋಟ ಹಿಡಿದು ಅವಳ ಹಿಂದೆ ಅಡುಗೆಮನೆಯ ಬಾಗಿಲಿಗೇ ಬಂದ. "ಹಗ್ಗ ಕೊಯ್ದಿದ್ದು ನಾನೇ ಅಕ್ಕಾ. ಹೇಳೋಕೆ ಬಾಯಿ ಬರ್ಲಿಲ್ಲ. ಇನ್ನೊಂದು ಲೋಟ ಕೊಡು."

"ಹಾಳಾದವನೇ, ನೆಟ್ಟಗೆ ದ್ವೇಷ ಮಾಡೋಕೂ ಬಿಡಲ್ವಲ್ಲೋ!" ಪುರಿಂಗ್ ಸೌಟನ್ನು ಪಾತ್ರೆಗೆ ಕುಕ್ಕಿದಳು. ಅವಳ ಕಣ್ಣೂ ತುಂಬಿತ್ತು. ಬೆಲ್ಲದ ಉಂಡೆ ಒಡೆದು ಹಾಕಿ, ಕಷಾಯ ಬಗ್ಗಿಸಿ, ಅವನ ಮುಖ ನೋಡದೆ ಲೋಟ ಚಾಚಿದಳು.

ತೆಬಾನ್ ಮೂಸಿಯೂ ನೋಡಲಿಲ್ಲ. ಗಟಗಟ ಕುಡಿದ.