ತುಟಿ ಕಚ್ಚುವ ಪಾಠ

ಮಗಳು ಕೃತಿಕಾಳ ಇಂಗ್ಲಿಷ್ ಕ್ಲಾಸೆಂದರೆ ವಾಮದೇವಪ್ಪನಿಗೆ ಮೈಯೆಲ್ಲ ಉರಿ. ನಿಟ್ಟುವಳ್ಳಿಯ ಮನೆಯ ಕಟ್ಟೆಯ ಮೇಲೆ ಕನ್ನಡಿ ಹಿಡಿದು ಕೂತು, ಮೇಲಿನ ಹಲ್ಲನ್ನು ಕೆಳದುಟಿಗೆ ತಾಗಿಸಿ 'ಫ್ಯಾನ್, ಫ್ಯಾನ್' ಎಂದು ಉಸಿರು ಬಿಡುತ್ತಿದ್ದಳು. ತುಟಿ ಮುಚ್ಚಿ ತೆರೆದರೆ 'ಪ್ಯಾನ್' ಆಗುತ್ತದಂತೆ. ಒಂದು ಗಾಳಿ ಬೀಸುವುದು, ಇನ್ನೊಂದು ಒಲೆಯ ಮೇಲಿಡುವುದು.

"ಬೀದಿ ಕಡೆ ಮುಖ ಮಾಡಿ ತುಟಿ ಕಚ್ಚಾಕೆ ನಾಚ್ಕಿ ಇಲ್ಲೇನು? ನಮ್ಮಪ್ಪ ಪ್ಯಾನ್ ಅಂದ, ನಾನೂ ಪ್ಯಾನ್ ಅಂತೀನಿ. ಅದೇನು ತಿರುಗದೇ ನಿಂತೈತಾ?"

"ಬಾಯಿ ತುಂಬ ಎಲೆಅಡಿಕೆ ಇಟ್ಕಂಡೋರಿಗೆ ಅದೆಲ್ಲಿಂದ ಬರಬೇಕು?" ಎಂದಳು ಹೆಂಡತಿ ನಿರ್ಮಲಮ್ಮ, ಒಳಗಿನಿಂದಲೇ.

ಹರಿಹರದ ಒಂದು ಖಾಸಗಿ ಶಾಲೆಯಲ್ಲಿ ಪುಟ್ಟ ಮಕ್ಕಳ ಟೀಚರ್ ಕೆಲಸ ಖಾಲಿಯಿತ್ತು. ಪಾಠ ಮಾಡಿ ತೋರಿಸಬೇಕು. ಕೆಲಸ ಸಿಗದಿದ್ದರೆ ತಾನು ನೋಡಿದ ಗಂಡಿಗೆ ಹ್ಞೂಂ ಅನ್ನಬೇಕೆಂದು ವಾಮದೇವಪ್ಪ ಕರಾರು ಹಾಕಿದ್ದ. ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟವನು, ಬೈಕು ಬಾತಿ ಊರು ದಾಟುವವರೆಗೂ ಬೈದ. "ಅಲ್ಲಿ ನಾಲ್ಕು ಜನ ಇರ್ತಾರೆ. ಕಚ್ಚಿಗಿಚ್ಚಿ ಮಾನ ಕಳೀಬ್ಯಾಡ."

ತರಗತಿಯ ಬಾಗಿಲಲ್ಲಿ ಅವನಿಗೊಂದು ಕುರ್ಚಿ ಹಾಕಿದರು. ಕೃತಿಕಾ ಮೇಲೆ ತಿರುಗುತ್ತಿದ್ದ ಫ್ಯಾನ್ ತೋರಿಸಿದಳು. ಅಪ್ಪನ ಕಡೆ ನೋಡಿ, ವೇಲಿನಿಂದ ಬಾಯಿ ಮುಚ್ಚಿಕೊಂಡು ಹೇಳಿದಳು. ಮಕ್ಕಳು "ಪ್ಯಾನ್" ಎಂದು ಕೂಗಿದವು. ಮತ್ತೆ ಹೇಳಿದಳು, ಮತ್ತೆ "ಪ್ಯಾನ್".

"ನಿಮ್ಮ ಬಾಯೇ ಕಾಣ್ದೆ ಮಕ್ಕಳು ಏನು ಕಲೀತಾವ್ರಿ? ಸಾಕು ಬಿಡ್ರಿ," ಎಂದು ಹೆಡ್‌ ಮೇಡಂ ರುಮಾನಾ ಎದ್ದರು.

ಸಾಕಂತೆ. ಅವನ ಮಗಳಿಗೆ ಸಾಕು ಅನ್ನಬೇಕಾದವನು ಅವನು, ಇವರ್ಯಾರು? ವಾಮದೇವಪ್ಪನ ಪಿತ್ತ ನೆತ್ತಿಗೇರಿತು.

"ಏ, ವೇಲ್ ತೆಗಿ. ಮನ್ಯಾಗೆ ಕಚ್ಚಿದಂಗೆ ಕಚ್ಚು. ಹಿಂಗೆ," ಎಂದು ತಾನೇ ಹಲ್ಲನ್ನು ತುಟಿಗಿಟ್ಟು ಊದಿದ. ಎಲೆಅಡಿಕೆಯ ಕೆಂಪು ರಸ ಗದ್ದದಿಂದಿಳಿದು ಬಿಳಿ ಅಂಗಿಯ ಮೇಲೆ ಹರಿಯಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಕೃತಿಕಾಳಿಗೂ ನಗು ತಡೆಯಲಿಲ್ಲ, ವೇಲು ಜಾರಿತು. ಆ ನಗುವಿನಲ್ಲೇ ಹಲ್ಲನ್ನು ತುಟಿಗಿಟ್ಟು "ಫ್ಯಾನ್" ಎಂದಳು. ಕೋಣೆಯ ಪುಟ್ಟ ಬಾಯಿಗಳೆಲ್ಲ ತುಟಿ ಕಚ್ಚಿದವು. "ಫ್ಯಾನ್."

ಸೋಮವಾರದಿಂದ ಬರಲು ಹೇಳಿದರು.

ಶಾಲೆಯ ಅಂಗಳದ ನಲ್ಲಿಯಲ್ಲಿ ಅಂಗಿ ತಿಕ್ಕುತ್ತ ವಾಮದೇವಪ್ಪ ಗೊಣಗಿದ. "ಗಾಳಿ ಊದಾಕೂ ಸಂಬಳ ಕೊಡ್ತಾರಂತೆ. ಥೂ."

"ಅಪ್ಪಾಜಿ, ಆ ಗಂಡಿನ ವಿಷ್ಯ?"

"ಬ್ಯಾಡ ಅಂತ ಪೋನ್ ಮಾಡ್ತೀನಿ. ಬೈಕು ಹತ್ತು."

ಪೋನ್ ಎಂದೇ ಅಂದ. ತುಟಿ ಮುಚ್ಚಿ, ಬೇಕಂತಲೇ.