ಹೊಡೆದರೆ ನಡೆಯುವ ಕಾಟಾ

ಜಾಕಿಯ ರಾಡು ಅನಿಲಕುಮಾರನ ಮೊಣಕೈ ಮೇಲೆ ಬಿದ್ದಾಗ, ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ತಂಗಿ ಮೌನಿಕಾಳಿಗೆ ಎಲುಬು ಮುರಿದ ಸದ್ದು ಕೇಳಿಸಿತು.

"ಬಾಜೂ ಕಾಟಾದವ್ರು ಹೇಳಿಕೊಟ್ಟಾರೇನಲೇ? ಬೇಕಂತೇ ಬಂದ್ ಮಾಡಿದಿ!"

ಒದರುತ್ತಿದ್ದವನು ಲಾರಿ ಮಾಲೀಕ ಮೊಗಲಪ್ಪ. ಕಲ್ಲು ತುಂಬಿದ ಅವನ ಲಾರಿಗಳು ಅಣ್ಣ ತಂಗಿ ಕೆಲಸ ಮಾಡುವ, ಲಾರಿ ತೂಗುವ ತಾಂಡೂರಿನ ಕಾಟಾದ ಮುಂದೆ ಬೆಳಗಿನಿಂದ ಸಾಲುಗಟ್ಟಿದ್ದವು. ತೂಕ ಬರೆಯುವ ಪ್ರೋಗ್ರಾಂ ಏಳುತ್ತಲೇ ಇರಲಿಲ್ಲ. ಸಿಟ್ಟು ನೆತ್ತಿಗೇರಿದವನಿಗೆ ಕಾರಣ ಯಾಕೆ ಬೇಕು, ಹೊಡೆಯಲು ಒಂದು ಮೈ ಸಿಕ್ಕರೆ ಸಾಕು.

ಪ್ರೋಗ್ರಾಂ ಅಣ್ಣ ತಂಗಿ ಇಬ್ಬರೂ ಸೇರಿ ಬರೆದದ್ದು. ನಿನ್ನೆ ಅನಿಲ ಅದನ್ನು, ತೂಕದ ಲೆಕ್ಕ ಉಳಿಸಿಡುವ ಹೈಬರ್ನೇಟ್ ಲೈಬ್ರರಿಯ ಹೊಸ ಆವೃತ್ತಿಗೆ ಏರಿಸಿದ್ದ. ಈಗ ಪರದೆಯ ಮೇಲೆ ಒಂದೇ ತಕರಾರು: 'ಲಾರಿ' ಎಂಬ ಕ್ಲಾಸು ತನಗೆ ಗೊತ್ತೇ ಇಲ್ಲ. ಅದರ ತಲೆಯ ಮೇಲೆ, ಇದನ್ನು ಲೆಕ್ಕಕ್ಕೆ ಸೇರಿಸು ಎಂದು ಹೇಳುವ 'ಎಂಟಿಟಿ' ಎಂಬ ಗುರುತು ಇದೆಯಲ್ಲ! ಹೊರಗೆ ಮತ್ತೊಂದು ಏಟು ಬಿತ್ತು.

"ಯವ್ವಾ!"

ಆಗ ಹೊಳೆಯಿತು. ಗುರುತು ಒಂದೇ, ಹಿಂಡು ಬೇರೆ. 'ಎಂಟಿಟಿ' ಹಳೆಯ ಜಾವಾಎಕ್ಸ್ ಪ್ಯಾಕೇಜಿನಲ್ಲೂ ಉಂಟು, ಹೊಸ ಜಕಾರ್ತಾ ಪ್ಯಾಕೇಜಿನಲ್ಲೂ ಉಂಟು. ಹೊಸ ಹೈಬರ್ನೇಟ್ ಹೊಸದನ್ನಷ್ಟೇ ನಂಬುತ್ತದೆ; 'ಲಾರಿ'ಯ ಮೇಲಿದ್ದದ್ದು ಹಳೆಯದು. ಜಾವಾಎಕ್ಸ್ ಇರುವ ಹಳೆಯ ಲೈಬ್ರರಿಯನ್ನು "ಇರಲಿ ಬಿಡು, ಬೇಕಾದೀತು" ಎಂದು ಉಳಿಸಿದವಳು ಅವಳೇ. ಅವರು ಬೆಳೆದ ಧಾರೂರಿನ ಕುರಿ ಸಾಕುವ ಮನೆಯಲ್ಲಿ ಹರಿದ ಹಗ್ಗವನ್ನೂ ಎಸೆಯುವುದಿಲ್ಲ. ಆ ಲೈಬ್ರರಿ ಒಳಗಿದ್ದದ್ದಕ್ಕೇ ಹಳೆಯ ಗುರುತೂ ಸರಿಯೆಂದೇ ಕಂಡು, ತಪ್ಪು ಕಣ್ಣಿಗೆ ಬೀಳಲಿಲ್ಲ. ಅದನ್ನು ಉಳಿಸಿದವಳು ತಂಗಿಯೆಂದು ಅನಿಲನಿಗೂ ಗೊತ್ತಿತ್ತು. ಆದರೂ ಪುಣ್ಯಾತ್ಮ ಅವಳ ಹೆಸರು ಬಾಯಿಬಿಟ್ಟಿರಲಿಲ್ಲ.

ಅವಳು ಹಳೆಯ ಲೈಬ್ರರಿಯನ್ನು ಅಳಿಸಿದಳು. 'ಲಾರಿ' ಕಡತದ ಮೇಲ್ತುದಿಯಲ್ಲಿ ಜಾವಾಎಕ್ಸ್ ಹೆಸರಿದ್ದ ಸಾಲುಗಳು ಕೂಡಲೇ ಕೆಂಪಾದವು. ಅಲ್ಲಿ ಜಕಾರ್ತಾ ಎಂದು ತಿದ್ದಿ ಮತ್ತೆ ಶುರು ಮಾಡಿದಳು. ಕಾಟಾದ ಅಂಕಿಗಳು ಬೆಳಗಿದವು.

ಹೊರಗೆ ಮೊಗಲಪ್ಪ ರಾಡು ಎತ್ತಿ ನಕ್ಕ. "ನಾಕು ಬಿದ್ದ ಮ್ಯಾಲೆ ಹ್ಯಾಂಗ ಚಾಲೂ ಆತು ನೋಡ್ರಿ! ಇನ್ನ ಮುಂದ ಇದೇ ಔಷಧ."

ಡ್ರೈವರುಗಳೂ ನಕ್ಕರು. ಮೌನಿಕಾ ಪ್ರೋಗ್ರಾಂ ಬಂದ್ ಮಾಡಿ ಹೊರಗೆ ಬಂದಳು. ರಕ್ತದಲ್ಲಿ ಬಿದ್ದಿದ್ದ ಅಣ್ಣನಿಗೂ ರಾಡಿಗೂ ನಡುವೆ ನಿಂತಳು.

"ತಪ್ಪು ನಂದದ, ಅವಂದಲ್ಲ. ಸರಿ ಮಾಡಿದ್ದೆ, ಈಗ ನಾನೇ ಬಂದ್ ಮಾಡೀನಿ. ಹೊಡಿರಿ ನನಗ. ಚಾಲೂ ಆಗ್ತದೇನು ನೋಡಮು."

ರಾಡು ಮೇಲೆಯೇ ನಿಂತಿತು. ಹಿಂದಿನ ಲಾರಿಗಳು ಹಾರ್ನ್ ಬಾರಿಸತೊಡಗಿದವು.

"ಮೊದಲ ಅಣ್ಣನ್ನ ನಿಮ್ಮ ಜೀಪಿನಾಗ ದವಾಖಾನಿಗಿ ಒಯ್ರಿ," ಎಂದಳು. "ಅವನ ಕೈ ಕಟ್ಟಿದ ಮ್ಯಾಲೇ ಕಾಟಾ."

ಮೊಗಲಪ್ಪ ಸಾಲಿನತ್ತ ನೋಡಿದ, ಅವಳತ್ತ ನೋಡಿದ. ಆಮೇಲೆ ರಾಡು ಬಿಸಾಕಿ, ತಾನು ಮುರಿದ ಕೈಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಹಿಡಿದ.